ಐದನೆಯ ಪಾಠದಲ್ಲಿರುವ ಹೆಂಗಸು ನನ್ನ ಅಕ್ಕ

ಪಠ್ಯಕ್ರಮ ಪರಿಷ್ಕರಣ ಸಮಿತಿಯ ಅಧ್ಯಕ್ಷರಿಗೆ. ಮೊದಲು ಕಳಿಸಿದ ಮೂರು ಪತ್ರಗಳಲ್ಲಿ ಒಂದಾದರೂ ತಮ್ಮ ಮೇಜು ಮುಟ್ಟಿದ್ದರೆ ಇದು ಪತ್ರಿಕೆಯಲ್ಲಿ ಅಚ್ಚಾಗುವ ಪ್ರಮೇಯವೇ ಬರುತ್ತಿರಲಿಲ್ಲ.

ಮಾನ್ಯರೇ,

ಪತ್ರಿಕೋದ್ಯಮದ ಪದವಿ ವಿದ್ಯಾರ್ಥಿಗಳಿಗೆಂದು ತಾವು ಈ ವರ್ಷ ಹೊರತಂದಿರುವ ‘ವ್ಯಕ್ತಿಚಿತ್ರ ಮಾದರಿಗಳು’ ಎಂಬ ಪಠ್ಯಪುಸ್ತಕದಿಂದ ಐದನೆಯ ಪಾಠವನ್ನು ತೆಗೆಯಬೇಕು. ಪೂರ್ವಗ್ರಹವನ್ನು ಗುರುತಿಸುವುದು ಹೇಗೆ ಎಂದು ಹೇಳಿಕೊಡಲು ನನಗಿದ್ದ ಹನ್ನೆರಡು ತರಗತಿಗಳನ್ನು ತಾವು ಕತ್ತರಿಸಿದ್ದೀರಿ, ಅವನ್ನು ಮರಳಿಸಬೇಕು. ಇವೆರಡೇ ನನ್ನ ಬೇಡಿಕೆಗಳು. ಉಳಿದದ್ದನ್ನು ಓದದಿದ್ದರೂ ನಡೆಯುತ್ತದೆ. ಆದರೆ ಐದನೆಯ ಪಾಠವನ್ನು ಆರಿಸಿದವರು ಅದನ್ನಾದರೂ ಪೂರ್ತಿ ಓದಿದ್ದಾರೆಯೇ ಎಂಬ ಅನುಮಾನ ನನಗಿರುವುದರಿಂದ ವಿಷಯವನ್ನು ಬಿಡಿಸಿ ಹೇಳಲೇಬೇಕಾಗಿದೆ.

ನಾನು ಇಪ್ಪತ್ತೆರಡು ವರ್ಷಗಳಿಂದ ಒಂದೇ ಕಾಲೇಜಿನಲ್ಲಿ, ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ, ವ್ಯಕ್ತಿಚಿತ್ರ ಬರವಣಿಗೆ ಕಲಿಸುತ್ತಿದ್ದೇನೆ. ಒಬ್ಬ ಮನುಷ್ಯನನ್ನು ಭೇಟಿ ಮಾಡಿ, ಮಾತಾಡಿಸಿ, ಅವನು ಎಂಥವನು ಎಂಬುದು ಓದುಗರ ಕಣ್ಣಿಗೆ ಕಟ್ಟುವ ಹಾಗೆ ಬರೆಯುವ ವಿದ್ಯೆ ಅದು. ಮೊದಲ ಹನ್ನೆರಡು ವರ್ಷ ನಾನು ಕಲಿಸಿದ್ದು ಕಣ್ಣು ಬಿಟ್ಟು ನೋಡುವುದನ್ನು. “ಜಿಪುಣ ಅಂತ ಬರೀಬೇಡಿ, ಸೋಪಿನ ಚೂರನ್ನ ಹೊಸ ಸೋಪಿಗೆ ಅಂಟಿಸ್ತಾನೆ ಅಂತ ಬರೀರಿ” ಎನ್ನುತ್ತಿದ್ದೆ. “ಕೈ ನೋಡಿ, ಮೇಜು ನೋಡಿ, ಗೋಡೆ ನೋಡಿ. ಮನುಷ್ಯ ಸುಳ್ಳು ಹೇಳಬಹುದು, ಅವನ ವಸ್ತುಗಳು ಹೇಳಲ್ಲ” ಎಂದೂ ಹೇಳುತ್ತಿದ್ದೆ. ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಆ ಮಾತು ಎಷ್ಟು ದೊಡ್ಡ ಸುಳ್ಳು ಎಂದು ತಿಳಿಯಲು ನನ್ನ ಒಡಹುಟ್ಟಿದವಳೇ ಅದರ ಕೆಳಗೆ ಸಿಕ್ಕಿಕೊಳ್ಳಬೇಕಾಯಿತು.

ನನ್ನ ಅಕ್ಕ ರೈಲ್ವೆ ಗೇಟಿನ ಕಾವಲಿನ ಕೆಲಸದಲ್ಲಿದ್ದಳು. ಹುದ್ದೆಯ ಹೆಸರು ಗೇಟ್‌ಮನ್. ಹೆಂಗಸರು ಆ ಕೆಲಸಕ್ಕೆ ಬಂದ ಮೇಲೂ ಹೆಸರು ಬದಲಾಗಲಿಲ್ಲ, ಅಕ್ಕನಿಗೂ ಅದರ ಚಿಂತೆಯಿರಲಿಲ್ಲ. ರೈಲು ಹೊರಟಿತೆಂದು ಸ್ಟೇಷನ್ನಿನಿಂದ ಫೋನ್ ಬರುತ್ತದೆ. ಅಕ್ಕ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಂಡು ಹಿಡಿ ತಿರುಗಿಸಿ ಗೇಟು ಇಳಿಸುತ್ತಾಳೆ. ರೈಲು ಹೋದ ಮೇಲೆ ಎತ್ತುತ್ತಾಳೆ. ಹದಿನಾರು ವರ್ಷ ಹೀಗೆ ಇಳಿಸಿದ್ದಳು, ಎತ್ತಿದ್ದಳು. ಹತ್ತು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಫೋನ್ ಬರಲಿಲ್ಲ, ರೈಲು ಬಂತು.

ಗೇಟಿನ ಕೋಣೆಗೆ ಹಳಿಯ ಕಡೆ ಒಂದೇ ಕಿಟಕಿ. ಅದರಲ್ಲಿ ಒಂದು ದಿಕ್ಕು ಮಾತ್ರ ಕಾಣುತ್ತದೆ. ಇನ್ನೊಂದು ದಿಕ್ಕಿನಲ್ಲಿ ಹಳಿ ಬಾಗುತ್ತದೆ, ಕೋಣೆಯ ಗೋಡೆಯೇ ಅದನ್ನು ಮರೆಮಾಡುತ್ತದೆ. ಅದಕ್ಕೇ ಅಕ್ಕ ಒಂದು ಸಣ್ಣ ಕನ್ನಡಿ ತಂದು ಕಿಟಕಿಯ ಚೌಕಟ್ಟಿಗೆ ಓರೆಯಾಗಿ ಕಟ್ಟಿದ್ದಳು. ಕೂತಲ್ಲಿಂದಲೇ ಬಾಗಿದ ಹಳಿ ಕಾಣಲಿ ಎಂದು. ಆ ಮಧ್ಯಾಹ್ನ ಕನ್ನಡಿಯಲ್ಲಿ ಎಂಜಿನ್ನು ಕಂಡದ್ದೇ ತಡ, ಹೊರಗೆ ಓಡಿ ಗೇಟಿನ ಹಿಡಿ ತಿರುಗಿಸಿದಳು. ಗೇಟು ಅರ್ಧ ಇಳಿಯಿತು. ಒಂದು ಬಸ್ಸು ಬ್ರೇಕ್ ಹಾಕಿತು. ಅದರ ಮುಂದಿದ್ದ ಹಾಲಿನ ವ್ಯಾನು ಆಗಲೇ ಹಳಿಯ ಮೇಲಿತ್ತು. ವ್ಯಾನಿನ ಚಾಲಕ ಅಲ್ಲೇ ತೀರಿಕೊಂಡ.

ಮರುದಿನ ಬೆಳಿಗ್ಗೆ ಹೇಳಿಕೆ ಕೊಡಲೆಂದು ಅಕ್ಕನನ್ನು ಅದೇ ಕೋಣೆಗೆ ಕರೆಸಿದ್ದರು. ತನಿಖೆಯವರು ಬರುವ ಮೊದಲೇ ಒಬ್ಬ ವರದಿಗಾರ ಬಂದ. ಅವನು ನನ್ನ ಹಳೆಯ ವಿದ್ಯಾರ್ಥಿ. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ತರಗತಿಯವರೆಲ್ಲ ಅವನನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ನಾನು ಕಲಿಸಿದ ಮಕ್ಕಳಲ್ಲಿ ಅಷ್ಟು ಚೆನ್ನಾಗಿ ಬರೆಯುವವರು ಇಬ್ಬರೋ ಮೂವರೋ. ಆ ಹೆಂಗಸು ತನ್ನ ಮೇಡಂ ಒಡಹುಟ್ಟಿದವಳೆಂದು ಅವನಿಗೆ ಗೊತ್ತಿರಲಿಲ್ಲ. ಅಕ್ಕನಿಗೂ ಅವನು ನನ್ನ ವಿದ್ಯಾರ್ಥಿಯೆಂದು ತಿಳಿಯದು. ಮುಕ್ಕಾಲು ಗಂಟೆ ಅಲ್ಲಿ ಕೂತಿದ್ದ. ಅಕ್ಕ ಅವನಿಗೆ ಟೀ ಮಾಡಿಕೊಟ್ಟಳು.

ಭಾನುವಾರದ ಪುರವಣಿಯಲ್ಲಿ ಆ ಬರಹ ಬಂತು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬರೆದವನ ಹೆಸರು. ಅದನ್ನು ನೋಡಿ ಎಷ್ಟು ಹಿಗ್ಗಿದೆನೆಂದರೆ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು, ತರಗತಿಗೆ ತೋರಿಸಬೇಕೆಂದು, ಎರಡನೆಯ ಪ್ಯಾರಾದ ಒಂದು ಸಾಲಿನ ಕೆಳಗೆ ಗೆರೆ ಎಳೆದೆ. ಆ ಸಾಲು ಹೀಗಿತ್ತು: ‘ಹಳಿಯ ಮೇಲೆ ಇನ್ನೂ ಹಾಲಿನ ಕಲೆ ಆರಿಲ್ಲ, ಕಿಟಕಿಯಲ್ಲಿ ಕನ್ನಡಿಯೊಂದು ಹೊಳೆಯುತ್ತಿದೆ, ಅದರ ಕೆಳಗೆ ಒಂದು ಬಾಚಣಿಗೆ.’ ಎಂಥ ಸಾಲು! ಒಂದು ವಿಶೇಷಣವಿಲ್ಲ, ಒಂದು ಆರೋಪವಿಲ್ಲ. ಹೆಂಗಸಿನ ಹೆಸರು ನಾಲ್ಕನೆಯ ಪ್ಯಾರಾದಲ್ಲಿ ಬಂತು. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾವು ಪುಸ್ತಕದಲ್ಲಿ ಅಚ್ಚು ಹಾಕಿಸಿರುವುದೇ ಸಾಕು. ಆ ಹೆಸರಿಗೆ ಬಂದಾಗ ಪೆನ್ನು ನನ್ನ ಕೈಯಲ್ಲೇ ಇತ್ತು.

ಮಾನ್ಯರೇ, ಆ ಬರಹದಲ್ಲಿ ಒಂದೇ ಒಂದು ಸುಳ್ಳು ಇರಲಿಲ್ಲ. ಇದನ್ನು ತಾವು ದಯವಿಟ್ಟು ಗಮನಿಸಬೇಕು. ಕನ್ನಡಿ ಇತ್ತು. ಬಾಚಣಿಗೆ ಇತ್ತು. ಉಗುರಿಗೆ ಕೆಂಪು ಬಣ್ಣವೂ ಇತ್ತು. ಅಕ್ಕನ ಮಗಳಿಗೆ ಆಗ ಒಂಬತ್ತು ವರ್ಷ. ರಜೆಯಲ್ಲಿ ಹೊತ್ತು ಹೋಗದೆ ಅಮ್ಮನ ಹತ್ತೂ ಉಗುರಿಗೆ ಬಣ್ಣ ಬಳಿದಿದ್ದಳು. ಅರ್ಧ ಹೆಣೆದ ಸ್ವೆಟರ್ ಇತ್ತು. ‘ಕಣ್ಣಲ್ಲಿ ಹನಿ ನೀರಿಲ್ಲ’ ಎಂದು ಬರೆದಿದ್ದ. ನಿಜ, ಅಪರಿಚಿತನ ಮುಂದೆ ಅಕ್ಕ ಅಳಲಿಲ್ಲ. ‘ನಗುನಗುತ್ತಾ ಚಹಾ ಕೊಟ್ಟರು’ ಎಂದು ಬರೆದಿದ್ದ. ಮನೆಗೆ ಬಂದವರಿಗೆ ಲೋಟ ಕೊಡುವಾಗ ನಾವು ಯಾರಾದರೂ ಹಲ್ಲು ಕಚ್ಚಿಕೊಂಡು ಕೊಡುತ್ತೇವೆಯೇ? ಒಂದೊಂದೂ ನಿಜ. ಆದರೆ ಎಲ್ಲವನ್ನೂ ಒಟ್ಟಿಗೆ ಓದಿದವರಿಗೆ, ಒಬ್ಬ ಹೆಂಗಸು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ ಕೂತಿದ್ದಾಗ ಇನ್ನೊಬ್ಬರ ಮನೆಯ ಯಜಮಾನ ರೈಲಿಗೆ ಸಿಕ್ಕಿ ಸತ್ತ, ಎಂದು ಅರ್ಥವಾಯಿತು. ಕನ್ನಡಿ ಯಾಕೆ ಓರೆಯಾಗಿದೆ ಎಂದು ಬರೆದವನು ಕೇಳಲಿಲ್ಲ, ಓದಿದವರೂ ಕೇಳಲಿಲ್ಲ. ಬಾಚಣಿಗೆ ಮಾತ್ರ ಬಾಚಣಿಗೆಯೇ, ಅದಕ್ಕೆ ನನ್ನ ಬಳಿ ಬೇರೆ ವಿವರಣೆಯಿಲ್ಲ. ಹದಿನಾರು ವರ್ಷ ಒಂದೇ ಕೋಣೆಯಲ್ಲಿ ದಿನಕ್ಕೆ ಹನ್ನೆರಡು ತಾಸು ದುಡಿಯುವವರು ತಲೆ ಬಾಚಿಕೊಳ್ಳಲೂಬಾರದು ಎಂಬ ನಿಯಮವಿದ್ದರೆ ತಿಳಿಸಿ.

ಅಂದು ಸಂಜೆ ನಾನು ಅಕ್ಕನ ಮನೆಗೆ ಹೋದಾಗ ಭಾವ ಬಾಗಿಲ ಬಳಿ ಸುಮ್ಮನೆ ನಿಂತಿದ್ದರು. ಒಳಗೆ ಮಗು ಅಮ್ಮನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನ ಬಣ್ಣವನ್ನು ಬ್ಲೇಡಿನಿಂದ ಕೆರೆಯುತ್ತಾ ಕೂತಿತ್ತು. ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೀದಿಯಲ್ಲಿ ಅಷ್ಟು ಹೊತ್ತಿಗೇ ಅಕ್ಕನಿಗೆ ‘ಕನ್ನಡಿ ಗೇಟಮ್ಮ’ ಎಂಬ ಹೆಸರು ಬಿದ್ದಿತ್ತು. ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಅವಳ ಬೆರಳು ನೋಡಿ ಕೊಡುತ್ತಿದ್ದರು. ಸತ್ತ ಚಾಲಕನ ಮನೆಗೆ ಹೋಗಬೇಕೆಂದು ಅಕ್ಕ ಎರಡು ಸಲ ಹೊರಟಳು. ಎರಡು ಸಲವೂ ಆ ಬೀದಿಯ ತಿರುವಿನಲ್ಲಿ ಯಾರೋ ಗುರುತು ಹಿಡಿದು ಕೂಗಿದರು. ವಾಪಸ್ಸು ಬಂದಳು.

ಯಾರಿಂದಲೋ ವಿಷಯ ತಿಳಿದು ಪೆನ್ಸಿಲ್ ಒಂದು ವಾರದ ಮೇಲೆ ಕಾಲೇಜಿಗೆ ಬಂದ. ನನ್ನ ಮೇಜಿನ ಮುಂದೆ ನಿಂತ. ಕೂರು ಎಂದರೆ ಕೂರಲಿಲ್ಲ.

“ಮೇಡಂ, ನಿಮ್ಮ ಅಕ್ಕ ಅಂತ ಸತ್ಯವಾಗ್ಲೂ ಗೊತ್ತಿರಲಿಲ್ಲ.”

“ಗೊತ್ತಿದ್ದಿದ್ರೆ?”

“ಬರೀತಿರಲಿಲ್ಲ.”

“ಹಾಗಂದ್ರೆ ಬೇರೆಯವರ ಅಕ್ಕ ಆಗಿದ್ರೆ ಪರವಾಗಿಲ್ಲ.”

ಅವನು ತಲೆ ಎತ್ತಲಿಲ್ಲ. “ಒಂದು ಸುಳ್ಳೂ ಬರೆದಿಲ್ಲ ಮೇಡಂ. ಕೈ ನೋಡಿ, ಮೇಜು ನೋಡಿ, ಗೋಡೆ ನೋಡಿ ಅಂತ ನೀವೇ ಹೇಳಿಕೊಟ್ಟಿದ್ದು. ನೋಡಿದೆ, ಬರೆದೆ.”

ಅವನನ್ನು ಬೈಯಲು ನನಗೆ ಯಾವ ಮುಖ? ಕಲಿಸಿದವಳು ನಾನು. ಚೆನ್ನಾಗಿ ಕಲಿತಿದ್ದ, ಅಷ್ಟೇ.

ಅಕ್ಕನನ್ನು ನೋಡಬೇಕೆಂದು ಹಟ ಹಿಡಿದ. ಕರೆದುಕೊಂಡು ಹೋದೆ. ಅಕ್ಕ ಬೈಯಲಿಲ್ಲ, ಕೂತುಕೋ ಎಂದೂ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ಆ ಕನ್ನಡಿ ಅಲ್ಲಿ ಯಾಕಿದೆ ಅಂತ ಆವತ್ತು ನನ್ನನ್ನ ಕೇಳಬಹುದಿತ್ತಲ್ಲಪ್ಪಾ. ಯಾಕೆ ಕೇಳಲಿಲ್ಲ?”

ಪೆನ್ಸಿಲ್ ಹೇಳಿದ: “ಕೇಳಬೇಕು ಅನ್ನಿಸಿತ್ತಮ್ಮ. ಕೇಳಿದ್ರೆ ಸಾಲು ಕೆಟ್ಟು ಹೋಗುತ್ತೆ ಅಂತ ಭಯ ಆಯ್ತು.”

ಮಾನ್ಯರೇ, ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ವಿಷಯದ ಬಗ್ಗೆ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ವಾಕ್ಯ ಇದು. ಪೂರ್ವಗ್ರಹ ಎಂದರೆ ಯಾವನೋ ದುಷ್ಟ ಹಲ್ಲು ಮಸೆಯುತ್ತಾ ಬರೆಯುವುದು ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಹಾಗಲ್ಲ. ಒಳ್ಳೆಯ ಹುಡುಗನೊಬ್ಬ ಒಳ್ಳೆಯ ಸಾಲಿನ ಆಸೆಗೆ ಒಂದು ಪ್ರಶ್ನೆಯನ್ನು ನುಂಗಿಕೊಳ್ಳುವುದೂ ಪೂರ್ವಗ್ರಹವೇ. ಕಥೆ ಅವನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಸಾಕ್ಷಿಗಾಗಿ ಕೋಣೆಯಲ್ಲಿ ಹುಡುಕಿದ, ಸಿಕ್ಕಿತು. ಹುಡುಕಿದವರಿಗೆ ಎಲ್ಲ ಕೋಣೆಗಳಲ್ಲೂ ಸಿಗುತ್ತದೆ. ತಮ್ಮ ಕೋಣೆಯಲ್ಲೂ ಸಿಗುತ್ತದೆ.

ಹೊರಡುವಾಗ ಅವನು ತನ್ನ ಅಂದಿನ ಟಿಪ್ಪಣಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟ. “ಇಟ್ಕೊಳ್ಳಿ ಮೇಡಂ, ನಂಗೆ ಇದನ್ನ ನೋಡೋಕಾಗಲ್ಲ” ಎಂದ. ಬರಹದಲ್ಲಿ ಬಂದದ್ದೆಲ್ಲ ಅದರಲ್ಲಿತ್ತು. ಬರದಿದ್ದದ್ದೂ ಇತ್ತು. ‘ಲೋಟ ತುಂಬಿದ ಮೇಲೂ ಸುರಿಯುತ್ತಲೇ ಇದ್ದರು, ಟೀ ತಟ್ಟೆಗೆ ಚೆಲ್ಲಿತು.’ ‘ಆ ಡ್ರೈವರಿಗೆ ಮಕ್ಕಳಿದ್ದಾರಾ ಅಂತ ಎರಡು ಸಲ ಕೇಳಿದರು.’ ‘ನೆಲ ಒದ್ದೆ, ಬೆಳಿಗ್ಗೆಯೇ ಎರಡು ಸಲ ಒರೆಸಿದ್ದಾರಂತೆ.’ ಈ ಮೂರೂ ಅವನ ಕೈಬರಹದಲ್ಲೇ ಇದ್ದವು. ಮೂರರ ಮೇಲೂ ಅಡ್ಡಗೆರೆ ಎಳೆದಿದ್ದ.

ತನಿಖೆ ಹದಿನಾಲ್ಕು ತಿಂಗಳು ನಡೆಯಿತು, ಅಷ್ಟೂ ಕಾಲ ಅಕ್ಕ ಅಮಾನತ್ತಿನಲ್ಲಿದ್ದಳು. ಸ್ಟೇಷನ್ನಿನಿಂದ ಫೋನ್ ಬಂದಿರಲಿಲ್ಲ, ತಪ್ಪು ಗೇಟಿನವರದಲ್ಲ, ಕನ್ನಡಿಯಲ್ಲಿ ನೋಡಿ ಗೇಟು ಇಳಿಸಿದ್ದರಿಂದ ಒಂದು ಬಸ್ಸು ಉಳಿಯಿತು ಎಂದು ವರದಿಯಾಯಿತು. ಪತ್ರಿಕೆ ಅದನ್ನು ಏಳನೆಯ ಪುಟದಲ್ಲಿ ನಾಲ್ಕು ಸಾಲು ಹಾಕಿತು. ಅಪರಾಧಿಯೆಂದು ಊಹಿಸಿದಾಗ ಅರ್ಧ ಪುಟ, ಚಿತ್ರ, ಬಣ್ಣ, ಬೆಳಕು. ನಿರಪರಾಧಿಯೆಂದು ಸಾಬೀತಾದಾಗ ನಾಲ್ಕು ಸಾಲು, ಅದೂ ಟೆಂಡರ್ ಪ್ರಕಟಣೆಯ ಪಕ್ಕದಲ್ಲಿ. ಅಕ್ಕನನ್ನು ಕೆಲಸಕ್ಕೆ ವಾಪಸ್ಸು ತೆಗೆದುಕೊಂಡರು. ಗೇಟಿಗಲ್ಲ. ಉಗ್ರಾಣದಲ್ಲಿ ಬಾವುಟ, ದೀಪ ಲೆಕ್ಕಹಾಕಿ ಕೊಡುವ ಜಾಗಕ್ಕೆ. ಇಂದಿಗೂ ಅಲ್ಲೇ ಇದ್ದಾಳೆ.

ಆ ಹದಿನಾಲ್ಕು ತಿಂಗಳಲ್ಲಿ ನಾನು ನನ್ನ ಪಾಠವನ್ನು ಬಿಚ್ಚಿ ಮತ್ತೆ ಹೊಲಿದೆ. ಅಂದಿನ ಪಠ್ಯಕ್ರಮ ಮಂಡಳಿಯವರ ಬೆನ್ನು ಬಿದ್ದು ಹನ್ನೆರಡು ತರಗತಿಗಳನ್ನು ಕೇಳಿ ಪಡೆದೆ. ಹೆಸರು, ಊರು ತೆಗೆದು ಆ ಬರಹವನ್ನೂ ಟಿಪ್ಪಣಿ ಪುಸ್ತಕದ ಪುಟಗಳನ್ನೂ ಮಕ್ಕಳ ಕೈಗೆ ಕೊಡುತ್ತಿದ್ದೆ. ನೋಡಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಎರಡು ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿಸುತ್ತಿದ್ದೆ. ಕೇಳದೆ ಬಿಟ್ಟ ಪ್ರಶ್ನೆ ಎಲ್ಲಿದೆಯೋ ಅಲ್ಲಿ ಒಂದು ಸೊನ್ನೆ ಬರೆಯಿರಿ ಎನ್ನುತ್ತಿದ್ದೆ. ತರಗತಿ ಮುಗಿಯುವ ಹೊತ್ತಿಗೆ ಪುಟದ ತುಂಬ ಸೊನ್ನೆಗಳು. ಪ್ರತಿ ವರ್ಷ ಒಬ್ಬರಾದರೂ ಎದ್ದು ನಿಂತು, “ಮೇಡಂ, ಆ ಹೆಂಗಸು ಈಗ ಎಲ್ಲಿದ್ದಾರೆ?” ಎಂದು ಕೇಳುತ್ತಿದ್ದರು. ಕೇಳಿದ ಮಗುವಿಗೆ ಪಾಠ ಅರ್ಥವಾಯಿತೆಂದು ನನಗೆ ಗೊತ್ತಾಗುತ್ತಿತ್ತು.

ಇನ್ನೊಂದು ಪ್ರಯೋಗ ಮಾಡಿಸುತ್ತಿದ್ದೆ. ನಮ್ಮ ಕಾಲೇಜಿನ ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಅಟೆಂಡರ್ ಒಬ್ಬರಿದ್ದಾರೆ. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ “ಇವರಿಗೆ ಈ ವರ್ಷ ಉತ್ತಮ ಸಿಬ್ಬಂದಿ ಪ್ರಶಸ್ತಿ ಬರಬಹುದು” ಎಂದೂ, ಇನ್ನೊಂದಕ್ಕೆ “ಪ್ರಯೋಗಾಲಯದಲ್ಲಿ ಸಾಮಾನು ಕಾಣೆಯಾಗ್ತಿದೆ” ಎಂದೂ ಹೇಳಿ ಅವರ ಬಳಿ ಕಳಿಸುತ್ತಿದ್ದೆ. ಮೊದಲ ಗುಂಪಿನವರು ‘ಹೆಜ್ಜೆಗೊಮ್ಮೆ ಗೆಜ್ಜೆಯಂತೆ ನುಡಿಯುವ ಕೀಲಿಗಳು’ ಎಂದು ಬರೆದರೆ, ಎರಡನೆಯವರು ‘ಎಲ್ಲ ಬಾಗಿಲೂ ಅವರ ಸೊಂಟದಲ್ಲಿದೆ’ ಎಂದು ಬರೆಯುತ್ತಿದ್ದರು. ಆಮೇಲೆ ನಾನು ಅವರನ್ನು ತರಗತಿಗೆ ಕರೆಸಿ, ನಡೆದದ್ದನ್ನು ಹೇಳಿ, ಎರಡನ್ನೂ ಓದಿಸುತ್ತಿದ್ದೆ. ಮೊದಲ ವರ್ಷ ಅವರು ಕೇಳಿಸಿಕೊಂಡು ತಲೆ ಕೆರೆದುಕೊಂಡರು. “ಅಲ್ಲ ಮೇಡಂ, ಇಬ್ಬರನ್ನೂ ಎಲ್ಲೋ ನೋಡಿದ ಹಾಗಿದೆ. ಆದ್ರೆ ಇವರಲ್ಲಿ ಸಂಬಳ ತಗೊಳ್ಳೋನು ಯಾರು?” ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಗುತ್ತಲೇ ಕಲಿಯಿತು.

ಈ ಹನ್ನೆರಡು ತರಗತಿಗಳನ್ನು ತಾವು ತೆಗೆದುಹಾಕಿದ್ದೀರಿ. ಆದೇಶದಲ್ಲಿ ಕಾರಣವೂ ಇದೆ: ‘ಈ ಘಟಕವು ವಿದ್ಯಾರ್ಥಿಗಳಲ್ಲಿ ವೃತ್ತಿಯ ಬಗ್ಗೆ ನಕಾರಾತ್ಮಕ ಧೋರಣೆಯನ್ನು ಬೆಳೆಸುವ ಸಾಧ್ಯತೆ ಇರುವುದರಿಂದ.’ ಸರಿ. ಅನುಮಾನಿಸುವುದು ನಕಾರಾತ್ಮಕ, ವರ್ಣಿಸುವುದು ಸಕಾರಾತ್ಮಕ. ‘ವರ್ಣನಾ ತಂತ್ರಗಳು’ ಎಂಬ ಘಟಕವನ್ನು ಮಾತ್ರ ಹಾಗೇ ಉಳಿಸಿ, ಇಪ್ಪತ್ತು ತರಗತಿಗಳಿಗೆ ಹಿಗ್ಗಿಸಿದ್ದೀರಿ. ಶಸ್ತ್ರಚಿಕಿತ್ಸೆ ಕಲಿಸುವ ಕಾಲೇಜಿನಲ್ಲಿ ಚಾಕು ಹಿಡಿಯುವುದನ್ನು ಇಪ್ಪತ್ತು ದಿನ ಕಲಿಸಿ, ರಕ್ತನಾಳ ಎಲ್ಲಿದೆ ಎಂಬ ಪಾಠವನ್ನು ನಕಾರಾತ್ಮಕವೆಂದು ಬಿಟ್ಟರೆ ತಾವು ಅಲ್ಲಿಗೆ ಚಿಕಿತ್ಸೆಗೆ ಹೋಗುತ್ತೀರಾ?

ಅಷ್ಟಕ್ಕೇ ನಿಂತಿದ್ದರೆ ನಾನು ಗೊಣಗಿಕೊಂಡು ಸುಮ್ಮನಾಗುತ್ತಿದ್ದೆ. ಗೊಣಗುವುದು ಅಧ್ಯಾಪಕರಿಗೆ ಅಭ್ಯಾಸವಾಗಿದೆ. ಜೂನ್ ತಿಂಗಳಲ್ಲಿ ಹೊಸ ಪುಸ್ತಕದ ಕಟ್ಟು ಬಂತು. ಬಿಚ್ಚಿ ಪರಿವಿಡಿ ನೋಡಿದೆ. ಐದನೆಯ ಪಾಠ ಅದೇ ಬರಹ. ಶೀರ್ಷಿಕೆ ಅದೇ, ಅಕ್ಕನ ಹೆಸರು ಅದೇ, ಹಾಲಿನ ಕಲೆ, ಕನ್ನಡಿ, ಬಾಚಣಿಗೆ, ಉಗುರು. ತನಿಖೆಯ ಫಲಿತಾಂಶದ ಬಗ್ಗೆ ಒಂದು ಅಡಿಟಿಪ್ಪಣಿಯೂ ಇಲ್ಲ. ಕೊನೆಯಲ್ಲಿ ಪ್ರಶ್ನೆ: ‘ವಸ್ತುಗಳ ವರ್ಣನೆಯ ಮೂಲಕ ಲೇಖಕರು ವ್ಯಕ್ತಿಯ ಸ್ವಭಾವವನ್ನು ಹೇಗೆ ಅನಾವರಣಗೊಳಿಸುತ್ತಾರೆ? ಸೋದಾಹರಣವಾಗಿ ವಿವರಿಸಿ. ಹತ್ತು ಅಂಕಗಳು.’

ಪೆನ್ಸಿಲ್‌ನನ್ನು ವಿಚಾರಿಸಿದೆ. ಅವನು ಪತ್ರಿಕೆ ಬಿಟ್ಟು ಎಂಟು ವರ್ಷವಾಯಿತು, ಈಗ ಪುಸ್ತಕಗಳ ಕರಡು ತಿದ್ದುತ್ತಾನೆ. ಅವನನ್ನೂ ಯಾರೂ ಕೇಳಿರಲಿಲ್ಲ. ಹಕ್ಕು ಪತ್ರಿಕೆಯದು, ಪತ್ರಿಕೆ ಒಪ್ಪಿಗೆ ಕೊಟ್ಟಿತ್ತು. ಅದು ತನ್ನ ತಪ್ಪು ಬರಹವೆಂದೂ, ದಯವಿಟ್ಟು ತೆಗೆಯಬೇಕೆಂದೂ ಅವನೂ ತಮಗೆ ಬರೆದ. ಬರೆದವನೇ ಬೇಡವೆಂದ ಪಾಠವನ್ನು ಮಾದರಿಯೆಂದು ಇಟ್ಟುಕೊಂಡಿರುವ ಬೇರೆ ಸಮಿತಿ ಲೋಕದಲ್ಲಿ ಎಲ್ಲಾದರೂ ಇದೆಯೇ?

ನಾನೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಎರಡನೆಯ ಸಲ ಬಂದಾಗಲೂ ಸಭೆಯಲ್ಲಿದ್ದಿರಿ. ಶಾಖಾಧಿಕಾರಿಯೊಬ್ಬರು ಸಿಕ್ಕರು. ಕಡತ ತೆಗೆದು ಸಮಾಧಾನವಾಗಿ ಮಾತಾಡಿದರು.

“ಇದು ಅನುಮೋದನೆ ಆಗಿರೋ ಪಾಠ ಮೇಡಂ. ತಜ್ಞರು ನೋಡಿದ್ದಾರೆ. ಭಾಷೆ ತುಂಬಾ ಚೆನ್ನಾಗಿದೆಯಂತೆ.”

“ಚೆನ್ನಾಗಿದೆ, ಇಲ್ಲ ಅನ್ನಲಿಲ್ಲ. ಅದರಲ್ಲಿರೋ ಹೆಂಗಸು ನನ್ನ ಸ್ವಂತ ಅಕ್ಕ.”

ಅವರ ಮುಖ ಅರಳಿತು. “ಹೌದಾ! ಹಾಗಾದ್ರೆ ಪಾಠ ಮಾಡೋಕೆ ನಿಮಗೆ ಇನ್ನೂ ಸುಲಭ ಆಯ್ತಲ್ಲ.”

ಅವರು ವ್ಯಂಗ್ಯ ಮಾಡಲಿಲ್ಲ ಮಾನ್ಯರೇ, ಮನಸಾರೆ ಹೇಳಿದರು. ಅದನ್ನು ನೆನೆದರೆ ನನಗೆ ಈಗಲೂ ಏನು ಮಾಡಬೇಕೋ ತೋಚುವುದಿಲ್ಲ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಎರಡು ತಿಂಗಳ ಮೇಲೆ ಲಿಖಿತ ಉತ್ತರ ಬಂತು: ‘ದೂರುದಾರರು ಪಾಠದಲ್ಲಿ ಉಲ್ಲೇಖಿತ ವ್ಯಕ್ತಿಯ ನಿಕಟ ಸಂಬಂಧಿಯಾಗಿರುವುದರಿಂದ ಅವರ ಆಕ್ಷೇಪಣೆಯನ್ನು ಪೂರ್ವಗ್ರಹರಹಿತವೆಂದು ಪರಿಗಣಿಸಲಾಗದು.’ ಇಷ್ಟು ವರ್ಷ ಪೂರ್ವಗ್ರಹವನ್ನು ಗುರುತಿಸುವುದು ಹೇಗೆಂದು ಕಲಿಸಿದ್ದಕ್ಕೆ ಕೊನೆಗೂ ಸರ್ಕಾರಿ ಮನ್ನಣೆ ಸಿಕ್ಕಿತು. ತಾವು ಇಡೀ ಪುಸ್ತಕದಲ್ಲಿ ಗುರುತಿಸಿದ ಒಂದೇ ಒಂದು ಪೂರ್ವಗ್ರಹ ನನ್ನದು. ಅದರ ಪ್ರತಿ ಪ್ರಿನ್ಸಿಪಾಲರಿಗೂ ಹೋಯಿತು. ಅವರು ನನ್ನನ್ನು ಕರೆದು, ಬಾಗಿಲು ಹಾಕಿ, “ಸುಮ್ಮನೆ ಪಾಠ ಮುಗಿಸಿಬಿಡಿ, ಯಾಕೆ ಮೈಮೇಲೆ ಎಳ್ಕೊಳ್ತೀರ” ಎಂದರು. ಅವರಿಗೆ ನಿವೃತ್ತಿಗೆ ಏಳು ತಿಂಗಳಿದೆ.

ಈಗ ತಮಗೆ ಗೊತ್ತಿರದ ಒಂದು ಸಂಗತಿ. ಅಂದು ಅಮ್ಮನ ಉಗುರು ಕೆರೆಯುತ್ತಾ ಕೂತಿದ್ದ ಮಗುವಿಗೆ ಈಗ ಹತ್ತೊಂಬತ್ತು. ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಕೂರುತ್ತಾಳೆ. ಪತ್ರಿಕೋದ್ಯಮವೇ ಬೇಕೆಂದು ಹಟ ಮಾಡಿ ಸೇರಿದಳು. ಭಾವ ಬೇಡವೆಂದರು, ನಾನೂ ಬೇಡವೆಂದೆ. “ಯಾರೋ ಒಬ್ಬರು ಬರೆದೇ ಬರೀತಾರೆ ಚಿಕ್ಕಮ್ಮ. ಕೇಳಿ ಬರೆಯೋರು ಒಬ್ಬರಾದ್ರೂ ಇರಲಿ” ಎಂದಳು. ಕಾಲೇಜಿನಲ್ಲಿ ಮೇಡಂ ಎನ್ನುತ್ತಾಳೆ, ಗೇಟು ದಾಟಿದ ಮೇಲೆ ಚಿಕ್ಕಮ್ಮ. ಹನ್ನೆರಡು ತರಗತಿಗಳು ಇನ್ನೂ ಇವೆಯೆಂಬ ನಂಬಿಕೆಯಲ್ಲಿ ಸೇರಿದ್ದಳು.

ಐದನೆಯ ಪಾಠವನ್ನು ನಾನು ಆದಷ್ಟು ಮುಂದೂಡಿದೆ. ನಾಲ್ಕು ಮಾಡಿದೆ, ಆರು ಮಾಡಿದೆ, ಏಳು ಮಾಡಿದೆ. ಕೊನೆಗೆ ಬೇರೆ ದಾರಿಯಿಲ್ಲದೆ ಮಾಡಿದೆ. ತನಿಖೆಯ ಫಲಿತಾಂಶವನ್ನು ಬಾಯಲ್ಲಿ ಹೇಳಿದೆ. ಮಕ್ಕಳು ಬರೆದುಕೊಳ್ಳಲಿಲ್ಲ. “ಪರೀಕ್ಷೆಗೆ ಬರುತ್ತಾ ಮೇಡಂ?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. “ಇಲ್ಲ” ಎಂದೆ. ಪೆನ್ನುಗಳು ಕೆಳಗಿಳಿದವು. ಮೂರನೆಯ ಬೆಂಚಿನ ಕಡೆ ನಾನು ನೋಡಲಿಲ್ಲ.

ಕಳೆದ ತಿಂಗಳು ಆಂತರಿಕ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ತಮ್ಮಿಂದಲೇ ಬರುವುದು, ಮಾದರಿ ಉತ್ತರವೂ ತಮ್ಮದೇ. ಹತ್ತು ಅಂಕದ ಪ್ರಶ್ನೆ ಐದನೆಯ ಪಾಠದ್ದು. ಮಾದರಿ ಉತ್ತರದ ಮೊದಲ ಅಂಶ: ‘ವ್ಯಕ್ತಿಯ ಕರ್ತವ್ಯನಿರ್ಲಕ್ಷ್ಯವನ್ನು ಲೇಖಕರು ನೇರವಾಗಿ ಹೇಳದೆ ಕನ್ನಡಿ, ಬಾಚಣಿಗೆಗಳ ಮೂಲಕ ಸೂಚಿಸುತ್ತಾರೆ: ಎರಡು ಅಂಕ.’ ಉತ್ತರಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಆದರೆ ಅಕ್ಷರ ತಿದ್ದಿಸಿದವಳಿಗೆ ಕೈಬರಹ ತಿಳಿಯುವುದಿಲ್ಲವೇ? ಆರನೆಯದೋ ಏಳನೆಯದೋ ಕಟ್ಟು ಬಿಚ್ಚಿದಾಗ ಆ ದುಂಡು ಅಕ್ಷರ ಕಂಡಿತು. ಎರಡೂವರೆ ಪುಟ ಬರೆದಿದ್ದಳು. ಕನ್ನಡಿಯ ಬಗ್ಗೆ ಬರೆದಿದ್ದಳು. ಉಗುರಿನ ಕೆಂಪು ಹೇಗೆ ನಿರ್ಲಕ್ಷ್ಯವನ್ನು ಧ್ವನಿಸುತ್ತದೆ ಎಂದು ಬರೆದಿದ್ದಳು. ತನ್ನ ಅಮ್ಮನ ಹೆಸರನ್ನು ನಾಲ್ಕು ಕಡೆ, ‘ಈ ವ್ಯಕ್ತಿ’ ಎಂಬ ಪದದ ಜೊತೆ ಬರೆದಿದ್ದಳು. ಮಾದರಿ ಉತ್ತರದ ಎಲ್ಲ ಅಂಶಗಳೂ ಕ್ರಮವಾಗಿ ಇದ್ದವು. ನಾನು ಒಂಬತ್ತು ಅಂಕ ಹಾಕಿದೆ.

ಸಂಜೆ ಬಸ್‌ಸ್ಟಾಪಿನಲ್ಲಿ ಅವಳನ್ನು ಹಿಡಿದೆ. “ಯಾಕೆ ಹಾಗೆ ಬರೆದೆ?” ಎಂದೆ.

“ಬೇರೆ ಹೇಗೆ ಬರೀಲಿ ಚಿಕ್ಕಮ್ಮ? ನಿಜ ಬರೆದಿದ್ರೆ ನೀನು ಮಾರ್ಕ್ಸ್ ಕೊಟ್ಟೇ ಕೊಡ್ತಿದ್ದೆ. ಆಮೇಲೆ ಯಾರಾದ್ರೂ ಪೇಪರ್ ತೆಗೆಸಿ ನೋಡಿದ್ರೆ? ನಿನ್ನ ಮೇಲೆ ಈಗಾಗ್ಲೇ ಒಂದು ಕಾಗದ ಬಂದಿದೆಯಂತಲ್ಲ, ಆಫೀಸಿನವರು ಮಾತಾಡ್ಕೊಳ್ತಿದ್ರು.”

ನಾನು ಬಸ್ಸು ಬರುವ ದಿಕ್ಕಿಗೆ ನೋಡಿದೆ.

“ನಂಗೇನೂ ಬೇಜಾರಿಲ್ಲ” ಎಂದಳು. “ಅಮ್ಮಂಗೆ ಮಾತ್ರ ಹೇಳ್ಬೇಡ.” ಬಸ್ಸು ಬಂತು, ಹತ್ತಿ ಹೋದಳು.

ಹೇಳುವ ಪ್ರಮೇಯ ಬರಲಿಲ್ಲ. ಈ ಪತ್ರ ಬರೆಯುವ ಮೊದಲು ಅಕ್ಕನ ಒಪ್ಪಿಗೆ ಕೇಳಲೇಬೇಕಿತ್ತು. ಹೋದ ಭಾನುವಾರ ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ, ಏನು ಹೇಗೆ ಶುರುಮಾಡಲಿ ಎಂದು ತಿಳಿಯದೆ ನಿಂತೆ. ಅವಳೇ ಶುರುಮಾಡಿದಳು.

“ಆ ಪುಸ್ತಕದ ವಿಷಯಾನಾ? ಅವಳ ಪುಸ್ತಕಕ್ಕೆಲ್ಲ ಬೈಂಡು ಹಾಕಿಕೊಡೋಳು ನಾನೇ ಅಲ್ವಾ. ಜೂನ್‌ನಲ್ಲೇ ನೋಡಿದ್ದೆ. ಪರೀಕ್ಷೆಗೆ ಅವಳು ಅದರ ಉತ್ತರ ಬಾಯಿಪಾಠ ಮಾಡ್ತಿದ್ದಿದ್ದನ್ನೂ ಕೇಳಿಸ್ಕೊಂಡಿದ್ದೀನಿ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನೇನು ಮಾಡ್ತಿದ್ದೆ?”

ಏನೂ ಮಾಡಲಾಗುತ್ತಿರಲಿಲ್ಲ. ಅಷ್ಟು ತಿಂಗಳಿಂದ ಮಾಡಿದ್ದೆಲ್ಲ ಸೇರಿದರೂ ಏನೂ ಆಗಿರಲಿಲ್ಲ. ಪತ್ರಿಕೆಗೆ ಬರೆಯಬೇಕೆಂದಿದ್ದೇನೆ ಎಂದೆ. ಬರೆದರೆ ಏನಾಗುತ್ತೆ ಎಂದಳು. ಬಹುಶಃ ಏನೂ ಆಗಲ್ಲ ಎಂದೆ. ಅವಳು ಒಂದು ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹಿಂಡಿದೆವು.

“ಬರೀ ಹಾಗಾದ್ರೆ” ಎಂದಳು. “ಆದ್ರೆ ನಾನು ಎಂಥವಳು ಅಂತ ಬರೀಬೇಡ. ಒಳ್ಳೆಯವಳು ಅಂತಾನೂ ಬೇಡ. ಹೇಗಿದ್ದೀನಿ, ಮುಖ ಹೇಗಿದೆ, ಕೈ ಹೇಗಿದೆ, ಒಂದೂ ಬೇಡ. ಏನಾಯ್ತೋ ಅಷ್ಟು ಬರಿ.”

ಹಾಗೆಯೇ ಬರೆದಿದ್ದೇನೆ. ವರ್ಣನೆ ಕಲಿಸಿಯೇ ಇಪ್ಪತ್ತೆರಡು ವರ್ಷ ಸಂಬಳ ತೆಗೆದುಕೊಂಡವಳಿಗೆ ಇದು ಎಷ್ಟು ಕಷ್ಟವಾಯಿತೆಂದು ತಮಗೆ ಹೇಗೆ ಹೇಳಲಿ?

ಮೇಲೆ ಎರಡು ಬೇಡಿಕೆ ಇಟ್ಟಿದ್ದೆ. ಬರೆಯುತ್ತಾ ಬಂದಂತೆ ಅವು ಈಡೇರುವುದಿಲ್ಲವೆಂದು ನನಗೇ ಮನವರಿಕೆಯಾಗಿದೆ. ಪುಸ್ತಕ ಅಚ್ಚಾಗಿ ಹಂಚಿಯಾಗಿದೆ, ಪಠ್ಯಕ್ರಮ ಐದು ವರ್ಷ ಬದಲಾಗದು, ತಾವು ಸಭೆಯಲ್ಲಿರುತ್ತೀರಿ. ಆದ್ದರಿಂದ ಇಳಿಸುತ್ತಾ ಬರುತ್ತೇನೆ. ಪಾಠ ತೆಗೆಯಲಾಗದಿದ್ದರೆ ಮುಂದಿನ ಮುದ್ರಣದಲ್ಲಿ ಏಳನೆಯ ಪುಟದ ಆ ನಾಲ್ಕು ಸಾಲುಗಳನ್ನು ಕೆಳಗೆ ಹಾಕಿಸಿ. ಹನ್ನೆರಡು ತರಗತಿ ಕೊಡಲಾಗದಿದ್ದರೆ ಒಂದು ಕೊಡಿ, ಒಂದೇ ಪ್ರಶ್ನೆಯನ್ನಾದರೂ ಕೇಳಲು ಕಲಿಸುತ್ತೇನೆ. ಅದೂ ಆಗದಿದ್ದರೆ ಇಷ್ಟು ಮಾಡಿ: ವಾರ್ಷಿಕ ಪರೀಕ್ಷೆಗೆ ಇನ್ನು ಐದು ವಾರವಿದೆ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಒಂದು ಮಾತು ಹೇಳಿ, ಈ ವರ್ಷದ ಮಟ್ಟಿಗೆ ಐದನೆಯ ಪಾಠದಿಂದ ಏನನ್ನೂ ಕೇಳದಂತೆ ನೋಡಿಕೊಳ್ಳಿ. ಒಬ್ಬ ಹುಡುಗಿ ಅದೇ ಉತ್ತರವನ್ನು ಎರಡನೆಯ ಸಲ ಬರೆಯಬಾರದು.

ಇಂತಿ,
ಹತ್ತಕ್ಕೆ ಒಂಬತ್ತು ಅಂಕ ಹಾಕಿ ಸಹಿ ಮಾಡಿದ,
ತಮ್ಮ ಕಡತದ ಪ್ರಕಾರ ಪೂರ್ವಗ್ರಹಪೀಡಿತಳಾದ ಒಬ್ಬ ಅಧ್ಯಾಪಕಿ